ಹೊತ್ತನ್ನು ಬಲ್ಲ ಕಾವಲು

ಕನ್ನಡದಲ್ಲಿ ‘ಹೊತ್ತು’ ಎಂಬುದು ಸೂರ್ಯನಿಗೂ ಹೆಸರು, ಕಾಲಕ್ಕೂ ಹೆಸರು. ‘ಹೊತ್ತು ಮುಳುಗಿತು’ ಎಂದರೆ ಸೂರ್ಯ. ‘ಹೊತ್ತು ಹೋಗದು’ ಎಂದರೆ ಕಾಲ. ಇವೆರಡನ್ನೂ ಒಂದೇ ಮಾತಿನಲ್ಲಿ ಹಿಡಿದವರ ಅನುಭವ ದಿಟವೆಂಬುದಕ್ಕೆ ನಮ್ಮ ರಕ್ತವೇ ಸಾಕ್ಷಿ. ರೋಗಾಣುಗಳಿಂದ ನಮ್ಮನ್ನು ಕಾಯುವ ಶಕ್ತಿ ಕೋಟೆಯ ಗೋಡೆಯಂತೆ ಸದಾ ಒಂದೇ ಸಮನಾಗಿ ನಿಂತಿರುವುದಿಲ್ಲ. ದಿನದ ವೇಳೆಗೂ ಋತುವಿಗೂ ತಕ್ಕಂತೆ ಮಾರ್ಪಡುತ್ತದೆ.

ಮೊದಲು ದಿನದ ಮಾತು. ಮಿದುಳಿನ ತಳಭಾಗದಲ್ಲಿರುವ ಜೀವಕೋಶಗಳ ಪುಟ್ಟ ಗುಂಪೊಂದು ಬೆಳಕಿನ ಸುಳಿವು ಹಿಡಿದು ಇಡೀ ದೇಹಕ್ಕೆ ವೇಳೆಯನ್ನು ತಿಳಿಸುತ್ತದೆ. ಬಿಳಿಯ ರಕ್ತಕಣಗಳೊಳಗೂ ಅಂಥ ಗಡಿಯಾರಗಳುಂಟು. ಬೆಳಗಾಗುತ್ತಲೇ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಲಿಂಫೋಸೈಟ್ ಎಂಬ ಕಾವಲು ಕಣಗಳು ರಕ್ತದಿಂದ ಸರಿದು ಅಂಗಾಂಶಗಳತ್ತ ತೆರಳುತ್ತವೆ. ಇರುಳಿನಲ್ಲಿ ರಕ್ತಕ್ಕೆ ಮರಳುತ್ತವೆ. ಉಬ್ಬಸದ ರೋಗಿಯನ್ನು ನಸುಕಿನಲ್ಲಿ ಎಬ್ಬಿಸಿ ಕೂರಿಸುವ ಏದುಸಿರು, ಕೀಲುವಾತದವರ ಬೆರಳನ್ನು ಮುಂಜಾನೆ ಬಿಗಿಯುವ ನೋವು, ಇವುಗಳಲ್ಲಿಯೂ ಈ ಲಯದ ಪಾಲಿದೆ.

1960ರಲ್ಲಿಯೇ ಅಮೆರಿಕದ ಫ್ರಾಂಜ್ ಹಾಲ್‌ಬರ್ಗ್ ಮತ್ತು ಅವರ ಸಂಗಡಿಗರು ಬ್ಯಾಕ್ಟೀರಿಯಾದ ಒಂದೇ ಪ್ರಮಾಣದ ವಿಷವನ್ನು ಇಲಿಗಳಿಗೆ ಬೇರೆ ಬೇರೆ ವೇಳೆಯಲ್ಲಿ ಚುಚ್ಚಿ ನೋಡಿದರು. ಒಂದು ವೇಳೆಯಲ್ಲಿ ಹೆಚ್ಚಿನವು ಸತ್ತವು. ಇನ್ನೊಂದು ವೇಳೆಯಲ್ಲಿ ಹೆಚ್ಚಿನವು ಬದುಕಿದವು. 2016ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 65 ದಾಟಿದ 276 ಮಂದಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಬೆಳಿಗ್ಗೆ 9ರಿಂದ 11ರೊಳಗೆ ಫ್ಲೂ ಲಸಿಕೆ ಪಡೆದವರಲ್ಲಿ, ಮಧ್ಯಾಹ್ನ 3ರಿಂದ 5ರೊಳಗೆ ಪಡೆದವರಿಗಿಂತ, ಮೂರು ತಳಿಗಳ ಪೈಕಿ ಎರಡಕ್ಕೆ ಪ್ರತಿಕಾಯಗಳು ಹೆಚ್ಚಾಗಿ ಹುಟ್ಟಿದ್ದವು.

ಇನ್ನು ಋತುವಿನ ಮಾತು. 2015ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಪರೀಕ್ಷಿಸಿದ 22,822 ಜೀನುಗಳಲ್ಲಿ 5,136 ಜೀನುಗಳ ಚಟುವಟಿಕೆ ಋತುವಿನೊಡನೆ ಏರಿಳಿಯುತ್ತಿತ್ತು. ಯುರೋಪಿನವರಲ್ಲಿ ಉರಿಯೂತವನ್ನು ಕೆರಳಿಸುವ ಜೀನುಗಳು ಚಳಿಗಾಲದಲ್ಲಿ ಚುರುಕಾಗುತ್ತವೆ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಾದರೋ, ಮಲೇರಿಯಾ ಸೊಳ್ಳೆಗಳು ಹೆಚ್ಚುವ ಮಳೆಗಾಲದಲ್ಲಿ ರಕ್ತದ ಕಾವಲು ಕಣಗಳು ಏರುತ್ತವೆ. ಆಯಾ ನೆಲದ ಋತುಮಾನವನ್ನೇ ದೇಹ ಓದಿಕೊಳ್ಳುವಂತಿದೆ. ಆದರೆ ಚುರುಕಾದ ಕಾವಲೆಲ್ಲ ಒಳಿತೆಂದಲ್ಲ. ಅತಿಯಾದ ಉರಿಯೂತ ಹೃದಯಕ್ಕೂ ಕೀಲಿಗೂ ಕೇಡು.

ಗ್ರೀಷ್ಮದ ಕೊನೆ, ವರ್ಷದ ಮೊದಲುಗಳಲ್ಲಿ ಬಲ ಕುಗ್ಗಿ, ಹೇಮಂತದಲ್ಲಿ ತುಂಬುತ್ತದೆಂದು ಚರಕಸಂಹಿತೆ ಹೇಳುತ್ತದೆ. ಆ ‘ಬಲ’ವೂ ಇಂದಿನ ರೋಗನಿರೋಧಕ ಶಕ್ತಿಯೂ ಒಂದೇ ಎನ್ನುವ ಅವಸರ ಬೇಡ. ದೇಹವನ್ನು ಕಾಲದೊಡನೆ ಇಟ್ಟು ನೋಡಿದ ಆ ದೃಷ್ಟಿ ಮಾತ್ರ ನಮ್ಮ ಗೌರವಕ್ಕೆ ಪಾತ್ರವಾದುದು.

ಕೇಳುಗರೇ, ಬೆಳಗಿನ ವೇಳೆ ತಪ್ಪಿತೆಂದು ಯಾರೂ ಲಸಿಕೆಯನ್ನೇ ಬಿಡಬಾರದು. ಯಾವ ಹೊತ್ತಿನಲ್ಲಿ ಪಡೆದರೂ ಪಡೆಯದಿರುವುದಕ್ಕಿಂತ ಮೇಲು. ಚಿಂತಿಸಬೇಕಾದುದು ಇರುಳೆಲ್ಲ ದುಡಿಯುವ ದಾದಿಯರ, ಕಾವಲುಗಾರರ, ಕಾರ್ಖಾನೆಯ ಕೆಲಸಗಾರರ ವಿಷಯ. ನಿದ್ದೆಗೆಟ್ಟವರಲ್ಲಿ ಲಸಿಕೆಯ ಫಲ ಕುಗ್ಗಬಹುದೆಂದು ಪ್ರಯೋಗಗಳು ತೋರಿಸಿವೆ. ಹೊತ್ತುಗೊತ್ತಿಲ್ಲದ ದುಡಿಮೆಗೆ ಕೂಲಿಯನ್ನು ಲೆಕ್ಕ ಹಾಕುವಾಗ, ಅವರ ರಕ್ತ ತೆರುವ ಈ ಬೆಲೆಯನ್ನೂ ನಾವು ಎಣಿಸಬೇಕು.