ಪುಸ್ತಕವಿದ್ದರೆ ಸಾಲದು, ಪಟ್ಟಿಯೂ ಬೇಕು



ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಒಂದು ಕಾಲಕ್ಕೆ ದೊಡ್ಡ ಗ್ರಂಥಭಂಡಾರವಿತ್ತು. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪು ಸುಲ್ತಾನನ ಅರಮನೆಯಲ್ಲಿದ್ದ ಸುಮಾರು 2,000 ಸಂಪುಟಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. ಕೆಲವು ಕಲ್ಕತ್ತೆಗೆ ಹೋದವು, ಕೆಲವು ಹಡಗು ಹತ್ತಿ ಇಂಗ್ಲೆಂಡ್ ಸೇರಿದವು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅವುಗಳ ವಿವರವಾದ ಪಟ್ಟಿ ಪ್ರಕಟಿಸಿದ. ವೈದ್ಯಗ್ರಂಥಗಳಿಗೆ ಅದರಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಭಂಡಾರ ಚದುರಿತು, ಅಲ್ಲಿ ಏನಿತ್ತೆಂದು ಇಂದು ತಿಳಿಯುವುದು ಆ ಪಟ್ಟಿಯಿಂದ.

ಯಾವುದೇ ವೈದ್ಯಕೀಯ ಗ್ರಂಥಾಲಯದ ಜೀವಾಳವೂ ಪಟ್ಟಿಯೇ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೂಲ, 1836ರಲ್ಲಿ ಸೇನೆಯ ಮುಖ್ಯ ವೈದ್ಯಾಧಿಕಾರಿಯ ಕಚೇರಿಯಲ್ಲಿದ್ದ ಒಂದಿಷ್ಟು ಪುಸ್ತಕಗಳು. ಅದನ್ನು ಬೆಳೆಸಿದ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಆರಂಭಿಸಿದ. ಯಾವ ರೋಗದ ಬಗ್ಗೆ ಯಾವ ಪತ್ರಿಕೆಯಲ್ಲಿ ಲೇಖನ ಬಂದಿದೆ ಎಂದು ತಿಳಿಸುವ ಸೂಚಿ ಅದು. ಕಂಪ್ಯೂಟರಿನಲ್ಲಿ ಆ ಕೆಲಸ ಮುಂದುವರಿಸಿದ 'ಪಬ್‌ಮೆಡ್' 1997ರಿಂದ ಎಲ್ಲರಿಗೂ ಉಚಿತ. ದೆಹಲಿಯಲ್ಲಿ ಭಾರತದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವೂ ಇದೆ. ಅದಕ್ಕೆ ಆ ಹೆಸರು ಬಂದದ್ದು 1966ರಲ್ಲಿ. ಮಂಡ್ಯದ ವೈದ್ಯ ವಿದ್ಯಾರ್ಥಿ ಇಂದು ಕುಳಿತಲ್ಲಿಯೇ ಹಾವು ಕಡಿತದ ಬಗ್ಗೆ ಲೋಕದ ಸಂಶೋಧನೆಗಳನ್ನು ಹುಡುಕಬಲ್ಲ.

ಅದೇ ವಿಷದ ಬಗ್ಗೆ 14ನೆಯ ಶತಮಾನದಲ್ಲಿ ಮಂಗರಾಜ ಕನ್ನಡದಲ್ಲಿ 'ಖಗೇಂದ್ರಮಣಿದರ್ಪಣ' ಬರೆದ. ಅದಕ್ಕೂ ಹಿಂದೆ ಕೀರ್ತಿವರ್ಮ ದನಕರುಗಳಿಗಾಗಿ 'ಗೋವೈದ್ಯ' ರಚಿಸಿದ್ದ. ಹಾವು ಕಚ್ಚಿದವರನ್ನು ಇಂದು ಆಸ್ಪತ್ರೆಗೇ ಒಯ್ಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿರಿಯರು ರೋಗವನ್ನೂ ಮೂಲಿಕೆಯನ್ನೂ ಹೇಗೆ ಅರಿತಿದ್ದರು ಎಂಬ ಚರಿತ್ರೆ ಇಂಥ ಗ್ರಂಥಗಳಲ್ಲಿದೆ. ಇವು ಉಳಿದದ್ದು, ಯಾರೋ ಓಲೆಗರಿಗಳನ್ನು ಕಾಪಾಡಿ, ಪ್ರತಿ ಮಾಡಿ ಮುಂದಿನವರಿಗೆ ದಾಟಿಸಿದ್ದರಿಂದ.

ಒಂದು ಕಟ್ಟು ಓಲೆಯ ಬೆಲೆ ಎಷ್ಟೆಂಬುದಕ್ಕೆ ಪಕ್ಕದ ಮೈಸೂರೇ ಸಾಕ್ಷಿ. 1891ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿ ಪ್ರತಿಯೊಂದನ್ನು ಕೊಟ್ಟರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿ ಅದನ್ನು ಓದಿ ಗುರುತಿಸಿದರು. 1909ರಲ್ಲಿ ಅಚ್ಚಿಗೆ ತಂದರು. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ಸಿಕ್ಕಿದ್ದು ಹಾಗೆ.

ಮದ್ದೂರು, ಮಳವಳ್ಳಿ ಸೀಮೆಯ ಯಾವುದಾದರೂ ಮನೆಯ ಅಟ್ಟದಲ್ಲಿ ಹಳೆಯ ಓಲೆಕಟ್ಟು ಇದ್ದರೆ, ಓದಲು ಬಾರದೆಂದು ಶಿಂಷೆಗೋ ಕಾವೇರಿಗೋ ಬಿಟ್ಟುಬಿಡಬಾರದು. ಬಲ್ಲವರಿಗೆ ತೋರಿಸಬೇಕು, ಹೆಸರು ಬರೆಸಬೇಕು. ಶ್ರೀರಂಗಪಟ್ಟಣದ ಪುಸ್ತಕಗಳನ್ನು ಪರರು ಒಯ್ದರು; ಅವುಗಳ ಪಟ್ಟಿಯಾದರೂ ಉಳಿಯಿತು. ಮನೆಯವರೇ ನೀರಿಗೆ ಬಿಟ್ಟ ಪುಸ್ತಕಕ್ಕೆ ಪಟ್ಟಿಯೂ ಇರುವುದಿಲ್ಲ.