ಬೇಳೆಯ ಬೇರಿನಲ್ಲಿರುವ ಗೊಬ್ಬರ

ನೌಬಾದದ ಕೆಂಪು ಮಣ್ಣಿನಲ್ಲಾಗಲಿ, ಭಾಲ್ಕಿ, ಔರಾದಗಳ ಎರೆಹೊಲದಲ್ಲಾಗಲಿ, ಬಿತ್ತಿ ತಿಂಗಳು ಕಳೆದ ಉದ್ದಿನ ಗಿಡವೊಂದನ್ನು ಮೆಲ್ಲನೆ ಅಗೆದು, ಬೇರನ್ನು ತೊಳೆದು ನೋಡಿರಿ. ಸಾಸಿವೆಕಾಳಿನಷ್ಟು, ಕೆಲವೊಮ್ಮೆ ಅದಕ್ಕೂ ದೊಡ್ಡದಾದ ಗಂಟುಗಳು ಕಾಣುವುವು. ರೋಗವೆಂದು ಬೆದರುವವರೂ ಉಂಟು. ಉಗುರಿನಿಂದ ಒಂದನ್ನು ಸೀಳಿರಿ. ಒಳಗೆ ನಸುಗೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು; ಬಿಳುಪೋ ಹಸುರೋ ಆಗಿದ್ದರೆ ಅದರಿಂದ ಗಿಡಕ್ಕೆ ಪ್ರಯೋಜನವಿಲ್ಲ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಗಂಟಿನೊಳಗೆ ಮನೆಮಾಡಿದ ರೈಜೋಬಿಯಂ ಎಂಬ ಸೂಕ್ಷ್ಮಜೀವಿಯು ಅದನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾಡಿಕೊಡುತ್ತದೆ. ಗಿಡವು ಅದಕ್ಕೆ ಸಕ್ಕರೆಯನ್ನು ಕೊಡುತ್ತದೆ. ರೈಜೋಬಿಯಂ ಎಂಬುದು ಗ್ರೀಕ್ ಮೂಲದ ಮಾತು; ಬೇರಿನಲ್ಲಿ ಬಾಳುವುದೆಂದು ಅರ್ಥ. ಪದಗಳನ್ನು ಬಿಡಿಸಿ ನೋಡುವುದು ಪಂಡಿತರ ಚಾಳಿ, ಕ್ಷಮಿಸಿರಿ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಈ ಗಂಟಿನ ಗುಟ್ಟನ್ನು ಪ್ರಕಟಪಡಿಸಿದರು. 1888ರಲ್ಲಿ ಹಾಲೆಂಡಿನ ಬೈಜರಿಂಕ್ ಆ ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಕಾರಣ ತಿಳಿಯದೆಯೇ ನಮ್ಮ ಹಿರಿಯರು ಜೋಳದ ನಡುವೆ ತೊಗರಿಯ ಸಾಲು ಹಾಕುತ್ತ ಬಂದಿದ್ದರು.

ಎಲ್ಲ ಕಾಳಿಗೂ ಒಂದೇ ಜೀವಿ ಸಲ್ಲದು. ತೊಗರಿ, ಉದ್ದು, ಹೆಸರು, ಅಲಸಂದೆಗಳಿಗೆ ಹೊಂದುವಂಥವು ನಮ್ಮ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುತ್ತವೆ. ಕಡಲೆಯದು ಬೇರೆ, ಸೋಯಾದ್ದು ಇನ್ನೂ ಬೇರೆ. ಸೋಯಾ ಕಾಣದ ಹೊಲದಲ್ಲಿ ಅದನ್ನು ಮೊದಲ ಸಲ ಬರಿಯ ಬೀಜವಾಗಿ ಬಿತ್ತಿದರೆ, ಗಂಟು ಕಟ್ಟದೆ ಪೈರು ಹಳದಿಯಾಗಿ ನಿಲ್ಲಬಹುದು. ಆಗ ಯೂರಿಯಾ ಚೀಲಕ್ಕೆ ಸಾಲ ಎತ್ತುವ ಪಾಡು ಯಾರದೆಂದು ಹೇಳಬೇಕಿಲ್ಲ.

ಪಟ್ಟಣದಲ್ಲಿದ್ದು ಊರ ಹೊಲವನ್ನು ಪಾಲಿಗೆ ಕೊಟ್ಟಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಬಿತ್ತನೆಗೆ ಮುನ್ನ ಆಯಾ ಕಾಳಿನ ಹೆಸರೂ ಅವಧಿಯ ತಾರೀಖೂ ನೋಡಿ ಅಣುಜೀವಿ ಗೊಬ್ಬರವನ್ನು ಕೊಂಡು ಕಳಿಸಿರಿ. ಪೊಟ್ಟಣದಲ್ಲಿರುವುದು ಜೀವವಿರುವ ವಸ್ತು. ಬಸ್ಸಿನ ಮೇಲೆ ಬಿಸಿಲಿನಲ್ಲಿ ಬೆಂದು ಹೋದರೆ ಉಳಿಯುವುದು ಬರಿಯ ಕಪ್ಪು ಪುಡಿ. 200 ಗ್ರಾಂ ಪೊಟ್ಟಣವು ಸುಮಾರು 8ರಿಂದ 10 ಕಿಲೋ ಬೀಜಕ್ಕೆ ಸಾಕು. ಬೆಲ್ಲದ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಬೀಜಕ್ಕೆ ಅಂಟುವಷ್ಟೇ ಚಿಮುಕಿಸಿ, ಪುಡಿಯನ್ನು ಮೃದುವಾಗಿ ಬೆರಸಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತಬೇಕು. ಬೀಜಕ್ಕೆ ಬೂಷ್ಟಿನ ಔಷಧ ಹಚ್ಚುವುದಿದ್ದರೆ ಅದು ಮೊದಲು, ಜೀವಿ ಕೊನೆಗೆ.

ಯೂರಿಯಾವನ್ನು ಕೈಬಿಟ್ಟು ಸುರಿದರೆ ಗಿಡವು ಸಿದ್ಧ ಊಟಕ್ಕೆ ಒಗ್ಗಿ ಗಂಟು ಕಟ್ಟುವುದನ್ನೇ ಕಡಮೆ ಮಾಡುತ್ತದೆ. ಇನ್ನು ಕೊಯ್ಲಿನಲ್ಲಿ ಹೆಸರು, ಉದ್ದುಗಳನ್ನು ಬೇರುಸಹಿತ ಕೀಳುವ ವಾಡಿಕೆ ಕೆಲವೆಡೆ ಇದೆ. ಕುಡುಗೋಲಿನಿಂದ ಕೊಯ್ದರೆ ಬೇರು ಹೊಲದಲ್ಲಿ ಕೊಳೆತು ಹಿಂಗಾರಿ ಜೋಳಕ್ಕೆ ಅಷ್ಟಿಷ್ಟು ಒದಗುತ್ತದೆ. ಅಷ್ಟಿಷ್ಟು ಎಂದೆ, ಸಾರಜನಕದ ಬಹುಪಾಲು ಬೇಳೆಯಾಗಿ ನಿಮ್ಮ ಮನೆಗೇ ಬಂದಿರುತ್ತದೆ.