ಊರಿನ ಪಂಚಾಂಗ, ಇಲ್ಲಿನ ಜೇನು



ಒಂದು ನವೆಂಬರ್ ಸಂಜೆ ನಮ್ಮ ಕೇಳುಗರೊಬ್ಬರು ದೂರವಾಣಿ ಮಾಡಿದರು. ಮಡಿಕೇರಿ ಕಡೆಯವರು, ಚೆನ್ನೈಯ ಮನೆಯ ತಾರಸಿಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ. "ಸಂಸಾರ ಕೋಣೆಯ ಎರಿಗಳೆಲ್ಲ ಬರಿದಾಗಿವೆಯಮ್ಮಾ. ನನ್ನ ಜೇನು ಸಾಯುತ್ತಿದೆಯೇ?" ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ರಾಣಿ ಇದೆಯೇ?" ಇತ್ತು. ಹಾಗಾದರೆ ಕಾರಣ ಮಳೆ.

ಜೇನುಮರಿಗೆ ಎರಡು ಅಗತ್ಯ: ಬಿಸುಪು ಮತ್ತು ಪರಾಗ. ಮರಿಗಳಿರುವ ಜಾಗ ಸುಮಾರು 33ರಿಂದ 36 ಡಿಗ್ರಿ ಸೆಲ್ಸಿಯಸ್ ಇರಬೇಕು. ಚಳಿಯಾದರೆ ಕೆಲಸಗಾರ ನೊಣಗಳು ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಕಾವು ಕೊಡುತ್ತವೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನೀರು ತಂದು, ರೆಕ್ಕೆ ಬೀಸಿ ಗೂಡು ತಂಪು ಮಾಡುತ್ತವೆ. ಆದರೆ ಸತತ ಮಳೆಯಲ್ಲಿ ಹೊರಗೆ ಹೋಗಲಾಗದು, ಪರಾಗ ಬರದು. ಆಗ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಅನ್ನವಿಲ್ಲದ ಮನೆಯಲ್ಲಿ ತೊಟ್ಟಿಲು ಕಟ್ಟುವುದು ಬೇಡವೆಂಬ ವಿವೇಕ ಅದು.

ಕೊಡಗಿನಲ್ಲಿ ಈ ಬರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುವ ಮಾರ್ಚ್-ಏಪ್ರಿಲ್ ಅಲ್ಲಿನ ಸುಗ್ಗಿ. ಚೆನ್ನೈಗೆ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಮ್ಮ ಮಿತ್ರರು ಊರಿನ ಲೆಕ್ಕದಲ್ಲಿ ಜೂನ್‌ನಲ್ಲಿ ಸಕ್ಕರೆ ಪಾಕ ಕೊಟ್ಟು, ಅಕ್ಟೋಬರ್‌ನಲ್ಲಿ ಜೇನು ತೆಗೆದುಬಿಟ್ಟಿದ್ದರು. ಮಳೆಗಾಲದ ಬುತ್ತಿಯನ್ನೇ ಕಿತ್ತುಕೊಂಡಂತಾಗಿತ್ತು!

ಒಂದು ಎಚ್ಚರಿಕೆ. ಮರಿ ಕಡಿಮೆಯಾಗುವುದು ಬೇರೆ, ಮರಿ ಸಾಯುವುದು ಬೇರೆ. ಮರಿಹುಳು ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991-92ರಲ್ಲಿ ಕರ್ನಾಟಕ, ಕೇರಳ, ತಮಿಳುನಾಡುಗಳ ತುಡುವೆ ಕುಟುಂಬಗಳನ್ನು ಅದು ಗುಡಿಸಿಹಾಕಿತು. ಹಳೆಯ ಜೇನು ಕೃಷಿಕರು ಇಂದಿಗೂ ಆ ಖಾಲಿ ಪೆಟ್ಟಿಗೆಗಳನ್ನು ಮರೆತಿಲ್ಲ. ಸತ್ತ ಮರಿ ಕಂಡರೆ ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ.

ನಮ್ಮ ಮಿತ್ರರ ಪೆಟ್ಟಿಗೆಯಲ್ಲಿ ಸತ್ತ ಮರಿ ಇರಲಿಲ್ಲ. ಅವರು ಪಾಕ ಕೊಟ್ಟರು, ಪೆಟ್ಟಿಗೆಗೆ ಮಳೆ ನೀರು ಇಳಿಯದಂತೆ ಮಾಡಿದರು, ಕಾದರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಫೋನ್ ಬಂತು. ನೊಣಗಳ ಕಾಲಿನಲ್ಲಿ ಹಳದಿ ಪರಾಗದ ಉಂಡೆ, ಎರಿಯಲ್ಲಿ ಮೊಟ್ಟೆ!

ಊರಿನಿಂದ ನಾವು ಏನೆಲ್ಲ ತರುತ್ತೇವೆ. ಪಂಚಾಂಗವನ್ನು ಮಾತ್ರ ಇಲ್ಲಿನ ಮಳೆಯಿಂದಲೇ ಕಲಿಯಬೇಕು. ಜೇನು ಅದನ್ನು ನಮಗಿಂತ ಬೇಗ ಕಲಿಯುತ್ತದೆ, ಅಲ್ಲವೇ?